ಕರ್ನಲ್ ಸೋರ್ಸ್ ಓದೋಕೆ ಯಾವ ಐಡಿಇ? ಗಂಗಾವತಿಯ ಕಾಟಾ ರಿಪೇರಿಯವನ ವಿಮರ್ಶೆ

ನವೆಂಬರ್ ಕೊನೇ ವಾರ, ಭತ್ತದ ಕೊಯ್ಲಿನ ಭರಾಟೆ. ಆ ಹೊತ್ತಿನಲ್ಲಿ ಗಂಗಾವತಿಯ ಯಾವ ರೈಸ್‌ಮಿಲ್ಲಿಗೆ ಹೋದರೂ ಗೇಟಿನಿಂದ ರಸ್ತೆವರೆಗೆ ಟ್ರ್ಯಾಕ್ಟರು, ಲಾರಿಗಳು ಸಾಲು ಹಚ್ಚಿ ನಿಂತಿರುತ್ತವೆ. ಬೆಳಿಗ್ಗೆ ಏಳಕ್ಕೇ ಒಂದು ಮಿಲ್ಲಿನ ಗುಮಾಸ್ತರ ಫೋನು ಬಂತು.

"ಕಾಟಾ ಮಾತಾಡವಲ್ದು ನೋಡ್ರಿ. ಡಬ್ಬಿಮ್ಯಾಲ ತೂಕ ಬರಾಕತ್ತೈತಿ, ಕಂಪ್ಯೂಟರ್ದಾಗ ಬರವಲ್ದು. ಲಾರಿಯವ್ರು ಬಾಯಿ ಮಾಡಾಕತ್ಯಾರ."

ನನ್ನದು ಕಾಟಾ ರಿಪೇರಿ ಅಂಗಡಿ. ಲಾರಿ ತೂಗುವ ವೇಬ್ರಿಜ್‌ನಿಂದ ಹಿಡಿದು ಕಿರಾಣಿ ಅಂಗಡಿಯ ತಕ್ಕಡಿವರೆಗೆ ಎಲ್ಲ ನೋಡುತ್ತೇನೆ. ಓದಿದ್ದು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ. ಸಿ ಭಾಷೆ ಬರುತ್ತೆ, ಆದರೆ ಪ್ರೋಗ್ರಾಮರ್ ಅಂತ ಹೇಳಿಕೊಳ್ಳುವಷ್ಟಿಲ್ಲ. ಹೀಗಾಗಿ ಲಿನಕ್ಸ್ ಕರ್ನಲ್ (ಆಪರೇಟಿಂಗ್ ಸಿಸ್ಟಮ್ಮಿನ ತಿರುಳು) ಓದೋಕೆ ಯಾವ ಐಡಿಇ (ಕೋಡು ಓದಿ ಬರೆಯುವ ಸಲಕರಣೆ) ಒಳ್ಳೇದು ಅನ್ನುವ ಈ ವಿಮರ್ಶೆಯನ್ನು ಬೆಂಗಳೂರಿನ ಎಸಿ ರೂಮಿನಲ್ಲಿ 64 ಜಿಬಿ ರ್‍ಯಾಮ್ ಇಟ್ಟುಕೊಂಡು ಕೂತವರಿಗಾಗಿ ಬರೆದಿಲ್ಲ. ನನ್ನ ಹತ್ತಿರ ಇರೋದು 8 ಜಿಬಿಯ ಹಳೇ ಲ್ಯಾಪ್‌ಟಾಪು, ಒಂದು ಎಸ್‌ಎಸ್‌ಡಿ, ಕರೆಂಟು ಹೋದರೆ ಇಪ್ಪತ್ತು ನಿಮಿಷ ತಡೆಯುವ ಯುಪಿಎಸ್ಸು.

ಮಿಲ್ಲಿಗೆ ಹೋಗಿ ನೋಡಿದೆ. ಕಾಟಾದ ಡಬ್ಬಿಯಿಂದ ಒಂಬತ್ತು ಪಿನ್ನಿನ ಸೀರಿಯಲ್ ವೈರು ಬಂದು, ನೂರಿನ್ನೂರು ರೂಪಾಯಿಗೆ ಸಿಗುವ ಯುಎಸ್‌ಬಿ ಕನ್ವರ್ಟರ್ ಮೂಲಕ ಕಂಪ್ಯೂಟರಿಗೆ ಸೇರುತ್ತದೆ. ಒಳಗಿರುವ ಚಿಪ್ಪು ಸಿಎಚ್340, ಸಂತೆಯಲ್ಲಿ ಸಿಗುವ ಅರ್ಧಕ್ಕರ್ಧ ಕನ್ವರ್ಟರುಗಳ ಹೊಟ್ಟೆಯಲ್ಲೂ ಅದೇ. ಮಿಲ್ಲಿನ ಕಂಪ್ಯೂಟರಿನಲ್ಲಿ ಲಿನಕ್ಸ್ ಇದೆ, ಹಾಕಿಕೊಟ್ಟವನು ನಾನೇ. ಹಿಂದಿನ ವಾರವಷ್ಟೇ ಹೊಸ ಆವೃತ್ತಿಗೆ ಏರಿಸಿದ್ದೆ, 5.15 ಕರ್ನಲ್ ಇರುವಂಥದ್ದು. ವೈರು ಚುಚ್ಚಿದರೆ ಟಿಟಿವೈಯುಎಸ್‌ಬಿ0 ಅಂತ ಸೀರಿಯಲ್ ಪೋರ್ಟೊಂದು ಹುಟ್ಟುತ್ತೆ, ಎರಡು ಸೆಕೆಂಡಿನಲ್ಲಿ ಮಾಯ. ಕರ್ನಲ್ಲಿನ ಸಂದೇಶಗಳನ್ನು ತೋರಿಸುವ ಡಿಮೆಸೇಜ್‌ನಲ್ಲಿ ಒಂದು ಸಾಲು: ಇಂಟರ್‌ಫೇಸ್ 0 ಸಿಎಚ್341 ಡ್ರೈವರಿನ (ಈ ಚಿಪ್ಪನ್ನು ನಡೆಸುವ ಕರ್ನಲ್ ತುಣುಕು) ವಶದಲ್ಲಿರುವಾಗ 'ಬಿಆರ್‌ಎಲ್‌ಟಿಟಿವೈ' ಕಾನ್ಫಿಗ್ 1 ಹಾಕುತ್ತಿದೆ ಅಂತ. ಅದರ ಬೆನ್ನಿಗೇ ಕನ್ವರ್ಟರ್ ಡಿಸ್ಕನೆಕ್ಟ್ ಆಯಿತು ಅಂತ ಇನ್ನೊಂದು.

ಆ ಹೆಸರಿನ ಕೊನೆಗೆ ಟಿಟಿವೈ ಅಂತಿದೆಯಲ್ಲ, ಅದೇ ನನ್ನನ್ನು ಮೂರು ದಿನ ಅಲೆಸಿದ್ದು. ಇದು ಕರ್ನಲ್ಲಿನದೇ ಯಾವುದೋ ಟಿಟಿವೈ ಡ್ರೈವರು ಅಂದುಕೊಂಡೆ. ಇಂಟರ್‌ನೆಟ್ಟಿನಲ್ಲಿ ಹುಡುಕಿದ್ದರೆ ಹತ್ತು ನಿಮಿಷದ ಕೆಲಸವಾಗಿತ್ತು, ಗೊತ್ತು, ಯಾರೂ ಹೇಳಬೇಕಾಗಿಲ್ಲ. ಆದರೆ ಇನ್ನೊಂದು ಹಳೇ ಲ್ಯಾಪ್‌ಟಾಪನ್ನು ಮಿಲ್ಲಿಗೆ ಕೊಟ್ಟು ಲಾರಿ ಸಾಲು ಕರಗಿಸಿದ ಮೇಲೆ ನನಗೆ ಹಟ ಬಂತು. ಹತ್ತು ವರ್ಷದಿಂದ ಈ ಕರ್ನಲ್ ಮೇಲೆ ಅನ್ನ ತಿನ್ನುತ್ತಿದ್ದೇನೆ, ಒಮ್ಮೆಯಾದರೂ ಒಳಗೆ ಹೊಕ್ಕು ನೋಡೋಣ ಅಂತ.

1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಬಿಟ್ಟ ಮೊದಲ 0.01 ಆವೃತ್ತಿ ಸುಮಾರು 10,000 ಸಾಲು. ಅದನ್ನು ನೋಟ್‌ಪ್ಯಾಡಿನಲ್ಲೂ ಓದಬಹುದಿತ್ತು. ಈಗಿನದು 3 ಕೋಟಿ ಸಾಲು ದಾಟಿದೆ, ಅದರಲ್ಲಿ ದೊಡ್ಡ ಪಾಲು ಡ್ರೈವರುಗಳದ್ದೇ. ಇಷ್ಟು ದೊಡ್ಡ ಕಾಡಿನಲ್ಲಿ ಒಂದು ಹೆಸರಿನ ಮೇಲೆ ಒತ್ತಿದರೆ ಅದು ಹುಟ್ಟಿದ ಜಾಗಕ್ಕೆ ಕರೆದೊಯ್ಯುವ ಸಲಕರಣೆ ಬೇಕೇ ಬೇಕು. ನಾನು ಹೆಚ್ಚು ಬಳಸಿದ್ದು ವಿಎಸ್ ಕೋಡ್ ಎಡಿಟರ್ ಜೊತೆ ಕ್ಲಾಂಗ್‌ಡಿ (ಸಿ ಕೋಡನ್ನು ಅರ್ಥ ಮಾಡಿಕೊಂಡು ದಾರಿ ತೋರಿಸುವ) ಎಕ್ಸ್‌ಟೆನ್ಷನ್. ಪಕ್ಕದಲ್ಲಿ ಎಕ್ಲಿಪ್ಸ್ ಸಿಡಿಟಿ, ವಿಮ್ ಎಡಿಟರ್ ಜೊತೆ ಸಿಸ್ಕೋಪ್, ಫೋನಿನಲ್ಲಿ ಎಲಿಕ್ಸಿರ್. ಎಲ್ಲಕ್ಕೂ ಕೊಟ್ಟ ಪ್ರಶ್ನೆ ಒಂದೇ: ಆ ಸಾಲನ್ನು ಬರೆದವರು ಯಾರು, ಆ ಹೆಸರು ಬಂದದ್ದು ಎಲ್ಲಿಂದ?

ಐಡಿಇ ತೆರೆಯೋಕೆ ಮುಂಚೆ ಒಂದು ಮಾತು, ಇದನ್ನು ತಿಳಿಯೋಕೆ ನನಗೆ ಒಂದು ದಿನ ಹಿಡಿಯಿತು. ಕರ್ನಲ್ ಸೋರ್ಸನ್ನು ಇಳಿಸಿಕೊಂಡು ಫೋಲ್ಡರ್ ತೆರೆದರೆ ಯಾವ ಐಡಿಇಯೂ ಅದನ್ನು ಸರಿಯಾಗಿ ಅರ್ಥ ಮಾಡಿಕೊಳ್ಳೋದಿಲ್ಲ. ತೆರೆದ ಕೂಡಲೇ ಕೆಂಪು ಗೆರೆಗಳು, ಹೋಳಿ ಹುಣ್ಣಿಮೆ ಮುಗಿಸಿ ಬಂದವರ ಅಂಗಿ ಥರ. ಕಾರಣ ಸರಳ. ಕರ್ನಲ್ಲಿನಲ್ಲಿ ಯಾವ ಹೆಡರ್ (ಘೋಷಣೆಗಳ ಫೈಲು) ಎಲ್ಲಿಂದ ಬರಬೇಕು, ಯಾವ ಪ್ರೊಸೆಸರಿನ ಕೋಡು ಲೆಕ್ಕಕ್ಕೆ, ಯಾವ ಕಾನ್ಫಿಗ್ ಆನ್, ಯಾವುದು ಆಫ್ ಎಂಬುದೆಲ್ಲ ಬಿಲ್ಡ್ ಮಾಡುವಾಗಲೇ, ಅಂದರೆ ಸೋರ್ಸಿನಿಂದ ಓಡುವ ಕರ್ನಲ್ ಕಟ್ಟುವಾಗಲೇ ನಿರ್ಧಾರವಾಗೋದು. ಬಿಲ್ಡ್ ಮಾಡದ ಕರ್ನಲ್ಲಿಗೆ ಇನ್ನೂ ಮುಖವೇ ಇಲ್ಲ. ಪ್ರತಿ ಫೈಲನ್ನೂ ಯಾವ ಆಯ್ಕೆಗಳ ಜೊತೆ ಕಂಪೈಲ್ ಮಾಡಿದರು ಅನ್ನುವ ಪಟ್ಟಿಗೆ ಕಂಪೈಲ್ ಕಮಾಂಡ್ಸ್ ಜೇಸನ್ ಅನ್ನುತ್ತಾರೆ. ಆ ಪಟ್ಟಿ ಸಿಕ್ಕ ಮೇಲೇ ಕ್ಲಾಂಗ್‌ಡಿ ಕಣ್ಣು ಬಿಡೋದು. ಬಿಲ್ಡ್ ಮುಗಿದ ಮೇಲೆ, ಬಿಲ್ಡ್ ನಡೆಸುವ ಮೇಕ್ ಕಮಾಂಡಿಗೆ ಆ ಜೇಸನ್ ಫೈಲಿನ ಹೆಸರು ಕೊಟ್ಟರೆ ಕರ್ನಲ್ಲಿನ ಸ್ವಂತ ಸ್ಕ್ರಿಪ್ಟೇ ಅದನ್ನು ಬರೆದುಕೊಡುತ್ತದೆ, ಬೇರೆ ಏನೂ ಹಾಕಿಕೊಳ್ಳಬೇಕಿಲ್ಲ.

ನಾನು ಏನು ಮಾಡಿದೆ ಕೇಳಿ. ಲಿನಕ್ಸ್ ವಿತರಣೆಯ ಇಡೀ ಕಾನ್ಫಿಗ್ ಹಾಕಿ ಬಿಲ್ಡ್ ಮಾಡಿದರೆ ಸಾವಿರಾರು ಮಾಡ್ಯೂಲು (ಬೇಕಾದಾಗ ಲೋಡ್ ಆಗುವ ಕರ್ನಲ್ ತುಣುಕು), ನನ್ನ ಲ್ಯಾಪ್‌ಟಾಪು ರಾತ್ರಿಯೆಲ್ಲ ಬೆವರುತ್ತೆ. ಅದಕ್ಕೆ ಲೋಕಲ್‌ಮಾಡ್‌ಕಾನ್ಫಿಗ್ ಎಂಬ ಸುಲಭದ ದಾರಿ ಹಿಡಿದೆ. ಅದು ಈಗ ಈ ಯಂತ್ರದಲ್ಲಿ ಲೋಡ್ ಆಗಿರುವ ಮಾಡ್ಯೂಲುಗಳನ್ನಷ್ಟೇ ಇಟ್ಟುಕೊಂಡು ಉಳಿದದ್ದನ್ನು ಕೈಬಿಡುತ್ತದೆ. ವಿತರಣೆಯ ಕಾನ್ಫಿಗ್ ನಕಲು ಮಾಡಿದ್ದರಿಂದ ಮೊದಲು ಸಹಿ ಸರ್ಟಿಫಿಕೇಟಿನ ಫೈಲೇ ಇಲ್ಲ ಅಂತ ನಿಂತಿತು. ಟ್ರಸ್ಟೆಡ್ ಕೀಸ್ ಅನ್ನುವ ಆ ಸಾಲನ್ನು ಖಾಲಿ ಮಾಡಿದ ಮೇಲೆ ಮುಂದೆ ಹೋಯಿತು. ನಲವತ್ತು ನಿಮಿಷ ಫ್ಯಾನು ಕೂಗಿ ಬಿಲ್ಡ್ ಮುಗಿಯಿತು. ಖುಷಿಯಿಂದ ಸಿಎಚ್341 ಡ್ರೈವರಿನ ಫೈಲು ತೆರೆದರೆ ಅರ್ಧ ಹೆಸರುಗಳಿಗೆ ಕ್ಲಾಂಗ್‌ಡಿ ಕೈ ಆಡಿಸುತ್ತಿದೆ. ಒಂದು ಗಂಟೆ ತಲೆ ಕೆರೆದುಕೊಂಡೆ. ನಮ್ಮ ಅಂಗಡಿಯ ಹುಡುಗ ಚಹಾ ತಂದಿಟ್ಟು, "ಸರ್, ವೈರು ಟೇಬಲ್ ಮ್ಯಾಲ ಐತಲ್ಲ, ಚುಚ್ಚೇ ಇಲ್ಲಲ್ಲ?" ಅಂದ. ಅಷ್ಟೇ! ವೈರು ಚುಚ್ಚಿರಲಿಲ್ಲ, ಆದ್ದರಿಂದ ಸಿಎಚ್341 ಮಾಡ್ಯೂಲು ಲೋಡ್ ಆಗಿರಲಿಲ್ಲ, ಆದ್ದರಿಂದ ಲೋಕಲ್‌ಮಾಡ್‌ಕಾನ್ಫಿಗ್ ಅದನ್ನು ಬೇಡದ್ದು ಅಂತ ತೆಗೆದು ಹಾಕಿತ್ತು, ಆದ್ದರಿಂದ ಪಟ್ಟಿಯಲ್ಲಿ ಆ ಫೈಲೇ ಇರಲಿಲ್ಲ. ಪಟ್ಟಿಯಲ್ಲಿಲ್ಲದ ಫೈಲಿಗೆ ಕ್ಲಾಂಗ್‌ಡಿ ಅಕ್ಕಪಕ್ಕದ ಫೈಲಿನ ಆಯ್ಕೆಗಳನ್ನು ನೋಡಿ ಅಂದಾಜು ಹಾಕುತ್ತದೆ. ಅಂದಾಜು ಒಮ್ಮೊಮ್ಮೆ ಕೂಡುತ್ತೆ, ಒಮ್ಮೊಮ್ಮೆ ಇಲ್ಲ.

ಓದಬೇಕಾದ ಡ್ರೈವರಿನ ಸಾಮಾನು ಚುಚ್ಚಿಟ್ಟುಕೊಂಡೇ ಆ ಕಮಾಂಡ್ ಹೊಡೆಯಿರಿ. ಇದನ್ನು ಎಲ್ಲಿಯಾದರೂ ದಪ್ಪ ಅಕ್ಷರದಲ್ಲಿ ಬರೆದಿಡಬೇಕು.

ಇನ್ನೊಂದು ಕಿರಿಕಿರಿ. ಜಿಸಿಸಿ ಕಂಪೈಲರಿನಿಂದ ಬಿಲ್ಡ್ ಮಾಡಿದರೆ ಆ ಪಟ್ಟಿಯಲ್ಲಿ ಜಿಸಿಸಿಗಷ್ಟೇ ಗೊತ್ತಿರುವ ಕೆಲವು ಆಯ್ಕೆಗಳು ಇರುತ್ತವೆ. ಕ್ಲಾಂಗ್‌ಡಿ ಅವನ್ನು ನೋಡಿ ಪ್ರತಿ ಫೈಲಿನ ತಲೆಯ ಮೇಲೂ ತಕರಾರು ಬರೆಯುತ್ತದೆ. ಒಂದೋ ಡಾಟ್ ಕ್ಲಾಂಗ್‌ಡಿ ಎಂಬ ಪುಟ್ಟ ಫೈಲಿನಲ್ಲಿ ಅವನ್ನು ತೆಗೆದುಹಾಕು ಅಂತ ಬರೆಯಬೇಕು, ಇಲ್ಲವೇ ಬಿಲ್ಡನ್ನೇ ಎಲ್‌ಎಲ್‌ವಿಎಂ=1 ಅಂತ ಕೊಟ್ಟು ಕ್ಲಾಂಗ್ ಕಂಪೈಲರಿನಿಂದ ಮಾಡಬೇಕು. ನಾನು ಎರಡನೆಯದನ್ನು ಮಾಡಿದೆ, ಗಲಾಟೆ ನಿಂತಿತು. ಮೈಕ್ರೋಸಾಫ್ಟಿನ ಸಿ/ಸಿಪ್ಲಸ್‌ಪ್ಲಸ್ ಎಕ್ಸ್‌ಟೆನ್ಷನ್ ಮೊದಲೇ ಇದ್ದರೆ ಅದರ ಇಂಟೆಲಿಸೆನ್ಸ್ ಭಾಗವನ್ನು ಆಫ್ ಮಾಡಿ. ಒಂದೇ ಒರೆಯಲ್ಲಿ ಎರಡು ಕತ್ತಿ ಬೇಡ.

ಮೊದಲ ಸಲ ಕ್ಲಾಂಗ್‌ಡಿ ಇಂಡೆಕ್ಸ್ (ಹೆಸರುಗಳ ಸೂಚಿ) ಕಟ್ಟೋಕೆ ನನ್ನ ಯಂತ್ರದಲ್ಲಿ ಅರ್ಧ ಗಂಟೆ ಆಯಿತು. ಆ ಹೊತ್ತು ಬೇರೇನೂ ತೆರೆಯಬೇಡಿ, ಬ್ರೌಸರಂತೂ ಬೇಡವೇ ಬೇಡ. ಕಟ್ಟಿದ ಇಂಡೆಕ್ಸು ಡಿಸ್ಕಿನಲ್ಲೇ ಉಳಿಯುತ್ತೆ, ನಡುವೆ ಕರೆಂಟು ಹೋದರೂ ಮತ್ತೆ ಮೊದಲಿಂದ ಶುರುವಾಗೋದಿಲ್ಲ. ನಮ್ಮ ಕಡೆ ಇದು ಸಣ್ಣ ವಿಷಯವಲ್ಲ.

ಈಗ ಆಟ ಶುರು. ಡಿಮೆಸೇಜ್‌ನ ಸಾಲು ಎಲ್ಲಿ ಹುಟ್ಟಿತು ಅಂತ ಹುಡುಕೋಕೆ ಯಾವ ಬುದ್ಧಿವಂತ ಇಂಡೆಕ್ಸೂ ಬೇಡ, ಸಾದಾ ಗ್ರೆಪ್ (ಪದ ಹುಡುಕುವ ಕಮಾಂಡು) ಸಾಕು. ಆದರೆ ಪೂರ್ತಿ ಸಾಲು ಕೊಟ್ಟರೆ ಸಿಗೋದಿಲ್ಲ, ಯಾಕಂದರೆ ಸಂಖ್ಯೆ, ಹೆಸರುಗಳ ಜಾಗದಲ್ಲಿ ಸೋರ್ಸಿನಲ್ಲಿ ಪರ್ಸೆಂಟ್ ಡಿ, ಪರ್ಸೆಂಟ್ ಎಸ್ ಇರುತ್ತವೆ. ನಡುವಿನ ಎರಡು ಮಾತು, 'ಕ್ಲೇಮ್ಡ್ ಬೈ' ಅಂತಷ್ಟೇ ಕೊಟ್ಟೆ. ಯುಎಸ್‌ಬಿಯ ಕೋರ್ ಫೋಲ್ಡರಿನಲ್ಲಿ ಡೆವಿಯೋ ಎಂಬ ಸಿ ಫೈಲು ಸಿಕ್ಕಿತು. ತಮಾಷೆ ಅಂದರೆ ಅಲ್ಲಿ ಆ ವಾಕ್ಯವನ್ನು ಎರಡು ಸಾಲಿಗೆ ತುಂಡು ಮಾಡಿ ಬರೆದಿದ್ದಾರೆ. ಕರ್ನಲ್ಲಿನದೇ ಕೋಡಿಂಗ್ ಸ್ಟೈಲ್ ನಿಯಮದಲ್ಲಿ ಬಳಕೆದಾರರಿಗೆ ಕಾಣುವ ಸಂದೇಶಗಳನ್ನು ಮುರಿಯಬೇಡಿ, ಗ್ರೆಪ್ ಮಾಡೋಕೆ ಆಗೋದಿಲ್ಲ ಅಂತ ಬರೆದಿದೆ. ಹಳೇ ಕೋಡು, ನಿಯಮಕ್ಕಿಂತ ಹಿರಿಯದೇನೋ.

ಆ ಸಂದೇಶ ಇರುವುದು ಪ್ರೊಕ್_ಸೆಟ್‌ಕಾನ್ಫಿಗ್ ಎಂಬ ಫಂಕ್ಷನ್ನಿನಲ್ಲಿ. ಸಾಧನದ ಒಂದೊಂದೇ ಇಂಟರ್‌ಫೇಸನ್ನು ನೋಡುತ್ತಾ ಹೋಗುತ್ತೆ, ಯಾವುದಾದರೂ ಡ್ರೈವರಿನ ವಶದಲ್ಲಿದ್ದರೆ ಎಚ್ಚರಿಕೆ ಬರೆದು ಇಬ್ಯುಸಿ ಎಂಬ ದೋಷಸಂಖ್ಯೆ ಕೊಟ್ಟು ಕಳಿಸುತ್ತೆ. ಅಂದರೆ ಕರ್ನಲ್ 'ಆಗಲ್ಲ ಹೋಗಪ್ಪ' ಅಂದಿದೆ. ಯಾರಿಗೆ ಅಂದಿತು? ಸಂದೇಶದಲ್ಲಿ ಆ ಹೆಸರಿನ ಜಾಗಕ್ಕೆ ಕೋಡಿನಲ್ಲಿ ಇದ್ದದ್ದು ಕರೆಂಟ್ ಬಾಣ ಕಾಮ್ (current->comm). ಬಿಆರ್‌ಎಲ್‌ಟಿಟಿವೈ ಎಂಬ ಹೆಸರನ್ನು ಯುಎಸ್‌ಬಿ ಫೋಲ್ಡರಿನಲ್ಲೆಲ್ಲ ಹುಡುಕಿ ಸೋತಿದ್ದೆ, ಯಾಕೆ ಸಿಗಲಿಲ್ಲ ಅಂತ ಇಲ್ಲಿ ಹೊಳೆಯೋಕೆ ಶುರುವಾಯಿತು.

ವಿಎಸ್ ಕೋಡಿನ ಮೇಲೆ ನನಗೆ ಮನಸ್ಸಾದ ಗಳಿಗೆ ಇದು, ಸ್ವಲ್ಪ ನಿಧಾನಕ್ಕೆ ಹೇಳುತ್ತೇನೆ. ಕರೆಂಟ್ ಎಂಬ ಪದದ ಮೇಲೆ ಮೌಸ್ ಇಟ್ಟೆ. ಅದು ವೇರಿಯೇಬಲ್ ಅಲ್ಲ, ಮ್ಯಾಕ್ರೊ, ಬಿಚ್ಚಿದರೆ ಗೆಟ್_ಕರೆಂಟ್ ಎಂಬ ಫಂಕ್ಷನ್ ಅಂತ ತೋರಿಸಿತು. ಎಫ್12 ಒತ್ತಿದರೆ ನೇರ ಎಕ್ಸ್86 ಫೋಲ್ಡರಿನ ಹೆಡರಿಗೆ ಹೋಯಿತು. ಆ ಸಿಪಿಯುನಲ್ಲಿ ಈ ಕ್ಷಣ ಓಡುತ್ತಿರುವ ಟಾಸ್ಕ್ ಯಾವುದೆಂದು ಪ್ರತಿ ಸಿಪಿಯುಗೂ ಒಂದು ಗುರುತು ಇಟ್ಟಿರುತ್ತಾರೆ, ಅದನ್ನು ಓದಿಕೊಡುವ ಎರಡು ಸಾಲು ಅಲ್ಲಿತ್ತು. ಇದೇ ಹೆಸರಿನ ಹೆಡರು ಎಆರ್‌ಎಂ64ಕ್ಕೆ ಬೇರೆ ಇದೆ, ರಿಸ್ಕ್‌ವಿಗೆ ಬೇರೆ ಇದೆ. ನಾನು ಬಿಲ್ಡ್ ಮಾಡಿದ್ದು ಯಾವುದಕ್ಕೆ ಅಂತ ಕ್ಲಾಂಗ್‌ಡಿಗೆ ಗೊತ್ತಿತ್ತು, ಕೇಳದೆಯೇ ಸರಿಯಾದ ಮನೆಗೆ ಕರೆದೊಯ್ದಿತು. ನಂತರ ಕಾಮ್ ಮೇಲೆ ಮೌಸ್ ಇಟ್ಟರೆ: ಟಾಸ್ಕ್_ಸ್ಟ್ರಕ್ಟ್‌ನ ಒಳಗಿನ ಅಕ್ಷರಗಳ ಸಾಲು, ಅಳತೆ 16 ಬೈಟ್. ಜೊತೆಗೆ ಮೂಲದಲ್ಲಿದ್ದ ಟಿಪ್ಪಣಿ, ಇದು ಓಡುತ್ತಿರುವ ಪ್ರೋಗ್ರಾಮಿನ ಹೆಸರು, ಪಾತ್ ಬಿಟ್ಟು ಅಂತ.

ಅಷ್ಟಕ್ಕೆ ಬಗೆಹರಿಯಿತು. ಬಿಆರ್‌ಎಲ್‌ಟಿಟಿವೈ ಡ್ರೈವರೇ ಅಲ್ಲ. ಹೊರಗಿನಿಂದ ಬಂದು ಬಾಗಿಲು ಬಡಿದ ಒಂದು ಸಾದಾ ಪ್ರೋಗ್ರಾಮು. ಬಾಗಿಲು ಬಡಿದವನ ಹೆಸರನ್ನು ಕರ್ನಲ್ ರಿಜಿಸ್ಟರಿನಲ್ಲಿ ಬರೆದುಕೊಂಡಿದೆ, ಅಷ್ಟೇ. ಮೂರು ದಿನ ನಾನು ಮನೆಯೊಳಗಿನ ಕೋಣೆಗಳಲ್ಲಿ ಅವನನ್ನು ಹುಡುಕುತ್ತಿದ್ದೆ.

ಅದೇ ಫೈಲಿನಲ್ಲಿ ಇನ್ನೊಂದು ದಾರಿಯೂ ಇತ್ತು. ಹೊರಗಿನ ಪ್ರೋಗ್ರಾಮು ಅನುಮತಿ ಇದ್ದರೆ 'ಈ ಡ್ರೈವರನ್ನು ಬಿಡಿಸು' ಅಂತ ಕೇಳಬಹುದು, ಕರ್ನಲ್ ಬಿಡಿಸಿಕೊಡುತ್ತದೆ. ಎರಡನೇ ಸಾಲಿನ ಡಿಸ್ಕನೆಕ್ಟ್ ಸಂದೇಶಕ್ಕೆ ಕಾರಣ ಸಿಕ್ಕಿತು.

ಈಗ ಐಡಿಇ ಸೋಲುವ ಜಾಗ. ಪ್ರೊಕ್_ಸೆಟ್‌ಕಾನ್ಫಿಗನ್ನು ಕರೆಯುವವರು ಯಾರು ಅಂತ ಕಾಲ್ ಹೈರಾರ್ಕಿ ತೆರೆದೆ. ಯುಎಸ್‌ಬಿಡೆವ್_ಡು_ಐಯೋಕ್ಟಲ್ (ಐಯೋಕ್ಟಲ್ ಅಂದರೆ ಸಾಧನಕ್ಕೆ ಆಜ್ಞೆ ಕೊಡುವ ಕರೆ), ಅದರ ಮೇಲೆ ಯುಎಸ್‌ಬಿಡೆವ್_ಐಯೋಕ್ಟಲ್, ಅದರ ಮೇಲೆ? ಖಾಲಿ. ಯಾರೂ ಕರೆಯುತ್ತಿಲ್ಲವಂತೆ! ರೆಫರೆನ್ಸ್ ಹುಡುಕಿದರೆ ಒಂದೇ ಒಂದು ಜಾಗ: ಫೈಲ್_ಆಪರೇಷನ್ಸ್ ಎಂಬ ಸ್ಟ್ರಕ್ಚರಿನಲ್ಲಿ ಅನ್‌ಲಾಕ್ಡ್_ಐಯೋಕ್ಟಲ್ ಎಂಬ ಖಾನೆಗೆ ಇದರ ಹೆಸರು ತುಂಬಿದ್ದಾರೆ. ಆ ಖಾನೆಯ ಹೆಸರಿನಿಂದ ಹೊರಟರೆ ಫೈಲ್‌ಸಿಸ್ಟಮ್ ಕಡೆ ಐಯೋಕ್ಟಲ್ ಫೈಲಿನಲ್ಲಿ ವಿಎಫ್‌ಎಸ್_ಐಯೋಕ್ಟಲ್ ಸಿಗುತ್ತೆ, ಅದು 'ಈ ಫೈಲಿನ ಖಾನೆಯಲ್ಲಿ ಏನಿದೆಯೋ ಅದನ್ನು ಓಡಿಸು' ಅನ್ನುತ್ತದೆ. ಆ ಖಾನೆಯನ್ನು ತುಂಬಿದ ಡ್ರೈವರುಗಳು ನೂರಾರು. ಈ ಕ್ಷಣ ಯಾವುದು ಓಡುತ್ತದೆ ಅಂತ ಐಡಿಇ ಹೇಳಲಾರದು. ಅದರ ತಪ್ಪೂ ಅಲ್ಲ, ಓಡಿಸದೆ ಗೊತ್ತಾಗುವ ವಿಷಯವೇ ಅಲ್ಲ ಅದು.

ನಮ್ಮ ಎಡದಂಡೆ ಕಾಲುವೆಯ ನಕ್ಷೆ ನೋಡಿದವರಿಗೆ ಇದು ತಟ್ಟನೆ ತಿಳಿಯುತ್ತೆ. ನಕ್ಷೆಯಲ್ಲಿ ಎಲ್ಲ ಉಪಕಾಲುವೆ, ಎಲ್ಲ ತೂಬು ಇವೆ. ಇವತ್ತು ರಾತ್ರಿ ಯಾವ ತೂಬು ಎತ್ತಿದ್ದಾರೆ, ಕೊನೇ ಭಾಗಕ್ಕೆ ನೀರು ಬಂತೋ ಇಲ್ಲವೋ ಅನ್ನೋದು ನಕ್ಷೆಯಲ್ಲಿಲ್ಲ. ನೀರಗಂಟಿಯನ್ನು ಕೇಳಬೇಕು. ಕರ್ನಲ್ಲಿಗೆ ಆ ನೀರಗಂಟಿ ಜಿಡಿಬಿ, ಓಡುವ ಪ್ರೋಗ್ರಾಮನ್ನು ನಿಲ್ಲಿಸಿ ಒಳಗೆ ನೋಡುವ ಡೀಬಗರ್.

ವಿಎಸ್ ಕೋಡಿನಿಂದಲೇ ಜಿಡಿಬಿ ಕೂಡಿಸಬಹುದು. ಡೀಬಗ್ ಮಾಹಿತಿ ಆನ್ ಮಾಡಿದ ಕರ್ನಲ್ಲನ್ನು ಕ್ಯೂಇಎಂಯು (ಸಾಫ್ಟ್‌ವೇರಿನಲ್ಲಿ ಕಟ್ಟಿದ ನಕಲಿ ಕಂಪ್ಯೂಟರು) ಒಳಗೆ ಓಡಿಸಿ, ಶುರುವಿಗೇ ನಿಲ್ಲು ಅಂತ ಹೇಳಿ, 1234ನೇ ಪೋರ್ಟಿಗೆ ಜೋಡಿಸಬೇಕು. ಬೂಟ್ ಸಾಲಿನಲ್ಲಿ ನೊಕೆಎಎಸ್‌ಎಲ್‌ಆರ್ ಅಂತ ಸೇರಿಸೋದು ಮರೆತರೆ ಕರ್ನಲ್ ಪ್ರತಿ ಸಲ ಬೇರೆ ಬೇರೆ ವಿಳಾಸದಲ್ಲಿ ಕೂರುತ್ತದೆ, ನೀವಿಟ್ಟ ಬ್ರೇಕ್‌ಪಾಯಿಂಟು (ಓಟ ನಿಲ್ಲಿಸುವ ಗುರುತು) ಬಯಲಿನಲ್ಲಿ ನಿಂತ ಬಸ್‌ಸ್ಟ್ಯಾಂಡ್ ಆಗುತ್ತೆ, ಬಸ್ಸೇ ಬರೋದಿಲ್ಲ. ಮೊದಲು ಸ್ಟಾರ್ಟ್_ಕರ್ನಲ್ ಮೇಲೆ ಬ್ರೇಕ್ ಹಾಕಿ ನಿಲ್ಲಿಸಿದಾಗ ಆ ಹಳದಿ ಬಾಣ ನೋಡಿ ಸುಮ್ಮನೆ ಎರಡು ನಿಮಿಷ ಕೂತೆ. ಇಡೀ ಕಂಪ್ಯೂಟರು ಇನ್ನೂ ಎದ್ದಿಲ್ಲ, ಎಬ್ಬಿಸುವ ಶುರುವಿನ ಸಿ ಸಾಲುಗಳ ಮೇಲೆ ನನ್ನ ಕರ್ಸರ್ ನಿಂತಿದೆ.

ಆಮೇಲೆ ಕನ್ವರ್ಟರನ್ನು ಕ್ಯೂಇಎಂಯು ಒಳಗೆ ದಾಟಿಸಿ ಯುಎಸ್‌ಬಿಡೆವ್_ಐಯೋಕ್ಟಲ್ ಮೇಲೆ ಬ್ರೇಕ್ ಇಟ್ಟೆ. ನಿಂತಿತು. ಪಕ್ಕದಲ್ಲಿ ಕಾಲ್ ಸ್ಟ್ಯಾಕ್: ಕೆಳಗಿನಿಂದ ಸಿಸ್ಟಮ್ ಕಾಲ್ ಬಾಗಿಲು, ಅದರ ಮೇಲೆ ಐಯೋಕ್ಟಲ್, ಅದರ ಮೇಲೆ ನಮ್ಮ ಫಂಕ್ಷನ್. ಐಡಿಇ ಖಾಲಿ ಬಿಟ್ಟಿದ್ದ ಜಾಗ ತುಂಬಿತು. ಒಂದು ಎಚ್ಚರ: ಕರ್ನಲ್ಲನ್ನು ಆಪ್ಟಿಮೈಸ್ ಮಾಡದೆ ಬಿಲ್ಡ್ ಮಾಡೋಕೆ ಆಗೋದಿಲ್ಲ. ಸಣ್ಣ ಸ್ಟ್ಯಾಟಿಕ್ ಫಂಕ್ಷನ್ನುಗಳು ಕರೆದವರೊಳಗೇ ಕರಗಿ ಹೋಗಿರುತ್ತವೆ, ಕೆಲವು ವೇರಿಯೇಬಲ್‌ಗಳ ಮುಂದೆ 'ಆಪ್ಟಿಮೈಸ್ಡ್ ಔಟ್' ಅಂತ ಬರುತ್ತೆ. ಹಳದಿ ಬಾಣ ಹಿಂದೆ ಮುಂದೆ ಜಿಗಿದರೆ ಗಾಬರಿಯಾಗಬೇಡಿ.

ಉಳಿದ ಸಲಕರಣೆಗಳದ್ದು ಬೇಗ ಹೇಳಿ ಮುಗಿಸುತ್ತೇನೆ.

ಎಕ್ಲಿಪ್ಸ್ ಸಿಡಿಟಿಗೆ ತನ್ನದೇ ಪಾರ್ಸರ್ ಇದೆ, ಬಿಲ್ಡ್ ಪಟ್ಟಿ ಇಲ್ಲದೆಯೂ ಇಂಡೆಕ್ಸ್ ಕಟ್ಟುತ್ತದೆ. ಕೈಯಾರೆ ಹೆಡರ್ ದಾರಿಗಳನ್ನು ಕೊಟ್ಟು, ಬಿಲ್ಡ್‌ನಲ್ಲಿ ಹುಟ್ಟುವ ಆಟೋಕಾನ್ಫ್ ಹೆಡರನ್ನು ಎಲ್ಲ ಫೈಲಿಗೂ ಮೊದಲೇ ಓದಿಸು ಅಂತ ಹೇಳಿ, ಅಂಡರ್‌ಸ್ಕೋರ್ ಕರ್ನಲ್ ಮ್ಯಾಕ್ರೊ ಇದೆ ಅಂತ ಘೋಷಿಸಿದರೆ ಫಲಿತಾಂಶ ಚೆನ್ನಾಗೇ ಇದೆ. ಎಕ್ಲಿಪ್ಸನ್ನು ಓಡಿಸುವ ಜಾವಾಕ್ಕೆ ಹೀಪ್ (ಮೆಮೊರಿ) ಹೆಚ್ಚಿಸಬೇಕು, ನನ್ನ 8 ಜಿಬಿಯಲ್ಲಿ ಅದಕ್ಕೆ ಕೊಡೋಕೆ ಏನೂ ಉಳಿದಿರಲಿಲ್ಲ. 16 ಜಿಬಿ ಇದ್ದವರು ನೋಡಬಹುದು.

ಸಿಲಯನ್ ಎಂಬ ಐಡಿಇಗೂ ಅದೇ ಜೇಸನ್ ಪಟ್ಟಿ ಕೊಟ್ಟರೆ ಪ್ರಾಜೆಕ್ಟ್ ತೆರೆಯುತ್ತದೆ. 2025ರ ಮೇ ತಿಂಗಳಿನಿಂದ ವ್ಯಾಪಾರಕ್ಕಲ್ಲದ ಬಳಕೆಗೆ ಉಚಿತ, ವಿದ್ಯಾರ್ಥಿಗಳಿಗೆ ಒಳ್ಳೇದು. ನಂದು ಅಂಗಡಿ, ಬಿಲ್ಲು ಹಾಕುತ್ತೇನೆ, ಆ ಲೆಕ್ಕಕ್ಕೆ ನಾನು ಬರೋದಿಲ್ಲ ಅಂತ ಬಿಟ್ಟೆ.

ವಿಮ್ ಮತ್ತು ಸಿಸ್ಕೋಪ್ ಬಗ್ಗೆ ಅವಸರ ಮಾಡಲಾರೆ. ಸಿಸ್ಕೋಪ್ ಬೆಲ್ ಲ್ಯಾಬ್ಸಿನ ಕಾಲದ್ದು, ಮುಖಕ್ಕೆ ಬಣ್ಣವಿಲ್ಲ, ಅರ್ಥ ಮಾಡಿಕೊಳ್ಳುವ ಬುದ್ಧಿಯೂ ಇಲ್ಲ, ಹೆಸರಿನ ಜಾಗ ಹೇಳುತ್ತೆ ಅಷ್ಟೇ. ಇಡೀ ಫೋಲ್ಡರಿನ ಮೇಲೆ ಸುಮ್ಮನೆ ಓಡಿಸಿ ಕರೆಂಟ್ ಎಂಬ ಪದ ಕೇಳಿದರೆ ಎಲ್ಲ ಪ್ರೊಸೆಸರುಗಳ ಮನೆಯ ವಿಳಾಸವನ್ನೂ ಸಾಲಾಗಿ ಮುಂದಿಡುತ್ತದೆ, ಆರಿಸಿಕೊಳ್ಳೋದು ನಿಮಗೆ ಬಿಟ್ಟದ್ದು. ಆದರೆ ಕರ್ನಲ್ಲಿನವರೇ ಬರೆದಿಟ್ಟ ಒಂದು ಸ್ಕ್ರಿಪ್ಟು ಇದರ ಬೆನ್ನಿಗಿದೆ. ಮೇಕ್ ಸಿಸ್ಕೋಪ್ ಅಥವಾ ಮೇಕ್ ಟ್ಯಾಗ್ಸ್ ಅಂದರೆ ಓಡೋದು ಅದೇ. ಉದಾಹರಣೆಗೆ ರೀಡ್ ಸಿಸ್ಟಮ್ ಕಾಲ್. ಸಿಸ್_ರೀಡ್ ಎಂಬ ಫಂಕ್ಷನ್ನಿನ ಒಡಲು ಎಲ್ಲಿ ಅಂತ ಹುಡುಕಿದರೆ ಆ ಹೆಸರಿನಲ್ಲಿ ಎಲ್ಲೂ ಬರೆದಿಲ್ಲ, ಸಿಸ್‌ಕಾಲ್_ಡಿಫೈನ್3 ಎಂಬ ಮ್ಯಾಕ್ರೊದ ಆವರಣದೊಳಗೆ ರೀಡ್ ಅಂತಷ್ಟೇ ಇದೆ. ಹೊರಗಿನಿಂದ ಬಂದ ಟ್ಯಾಗ್ ಸಲಕರಣೆ ಇಲ್ಲಿ ಎಡವುತ್ತೆ. ಮೇಕ್ ಟ್ಯಾಗ್ಸ್ ಅಂದಾಗ ಮನೆಯವರು ಬರೆದ ಸ್ಕ್ರಿಪ್ಟಿಗೆ ಈ ಮನೆಯ ಅಡ್ಡಹೆಸರುಗಳು ಗೊತ್ತು, ಸರಿಯಾಗಿ ಕರೆದೊಯ್ಯುತ್ತದೆ. ಜೊತೆಗೆ ಕಂಪೈಲ್ಡ್_ಸೋರ್ಸ್=1 ಅಂತ ಕೊಟ್ಟರೆ ನೀವು ಬಿಲ್ಡ್ ಮಾಡಿದ ಫೈಲುಗಳನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತದೆ, ಬೇಡದ ಡ್ರೈವರುಗಳ ಜಂಗುಳಿ ಮಾಯವಾಗುತ್ತೆ. 2 ಜಿಬಿ ರ್‍ಯಾಮಿನ ಕಂಪ್ಯೂಟರಿನಲ್ಲೂ ಓಡುವಂಥದ್ದು. ಕಾಲೇಜಿನ ಲ್ಯಾಬುಗಳಲ್ಲಿ ಮೂಲೆಗೆ ತಳ್ಳಿದ ಯಂತ್ರಗಳಿಗೆ ನನ್ನ ಶಿಫಾರಸು ಇದೇ.

ಎಲಿಕ್ಸಿರ್ ಐಡಿಇ ಅಲ್ಲ, ಬೂಟ್ಲಿನ್ ಎಂಬ ಫ್ರಾನ್ಸಿನ ಕಂಪನಿ ಬ್ರೌಸರಿನಲ್ಲಿ ನಡೆಸುವ ಸೇವೆ. ಹೆಸರಿನ ಮೇಲೆ ಬೆರಳಿಟ್ಟರೆ ಎಲ್ಲೆಲ್ಲಿ ಹುಟ್ಟಿದೆ, ಎಲ್ಲೆಲ್ಲಿ ಬಳಸಿದ್ದಾರೆ ಅಂತ ಪಟ್ಟಿ ಬರುತ್ತೆ. ನನಗೆ ಇದರಲ್ಲಿ ಹಿಡಿಸಿದ್ದು ಆವೃತ್ತಿಗಳು: ಎಡಗಡೆ 5.15 ಆರಿಸು, 6.12 ಆರಿಸು, ಅದೇ ಫೈಲು ಹೇಗೆ ಬದಲಾಯಿತು ನೋಡು. ಕರೆಂಟು ಹೋದ ಒಂದು ಸಂಜೆ ಅಂಗಡಿಯ ಕಟ್ಟೆ ಮೇಲೆ ಕೂತು ಫೋನಿನಲ್ಲೇ ಡೆವಿಯೋ ಫೈಲು ಓದಿದ್ದೇನೆ. ಕಾನ್ಫಿಗ್ ಆನ್ ಇದೆಯೋ ಆಫ್ ಇದೆಯೋ ಅದಕ್ಕೆ ಗೊತ್ತಿಲ್ಲ, ಅಷ್ಟೊಂದು ಕೇಳಲೂಬಾರದು.

ವಿಂಡೋಸ್‌ನಲ್ಲಿ ನೇರವಾಗಿ ಸೋರ್ಸ್ ಇಳಿಸಬೇಕೆಂದಿದ್ದವರಿಗೆ ಒಂದು ಮಾತು. ನೆಟ್‌ಫಿಲ್ಟರ್ ಫೋಲ್ಡರಿನಲ್ಲಿ ದೊಡ್ಡಕ್ಷರ, ಸಣ್ಣಕ್ಷರದ ವ್ಯತ್ಯಾಸ ಬಿಟ್ಟರೆ ಒಂದೇ ಹೆಸರಿನ ಫೈಲುಗಳ ಜೋಡಿಗಳಿವೆ. ವಿಂಡೋಸ್ ಮಾಮೂಲಾಗಿ ಆ ವ್ಯತ್ಯಾಸ ಲೆಕ್ಕಿಸೋದಿಲ್ಲ, ಒಂದರ ಮೇಲೊಂದು ಬಿದ್ದು ಒಂದು ಅಳಿಸಿ ಹೋಗುತ್ತೆ. ನಮ್ಮ ಹುಡುಗ ಹಾಗೇ ಮಾಡಿಕೊಂಡು, ಏನೂ ಮುಟ್ಟದೆಯೇ ಗಿಟ್ (ಫೈಲುಗಳ ಇತಿಹಾಸದ ಲೆಕ್ಕ ಇಡುವ ಪ್ರೋಗ್ರಾಮು) ಬದಲಾವಣೆ ತೋರಿಸುತ್ತಿದೆ ಅಂತ ದಿಗಿಲು ಬಿದ್ದಿದ್ದ. ಡಬ್ಲ್ಯುಎಸ್‌ಎಲ್2 (ವಿಂಡೋಸಿನಲ್ಲೇ ಲಿನಕ್ಸ್ ಓಡಿಸುವ ವ್ಯವಸ್ಥೆ) ಒಳಗೆ, ಅದರದೇ ಫೈಲ್‌ಸಿಸ್ಟಮ್‌ನಲ್ಲಿ ಇಳಿಸಿ, ಸಿ ಡ್ರೈವಿನ ಮೇಲೆ ಇಡಬೇಡಿ. ಇಡೀ ಗಿಟ್ ಇತಿಹಾಸ ಬೇಡದಿದ್ದರೆ ಡೆಪ್ತ್ 1 ಅಂತ ಕೊಡಿ, ಮೊಬೈಲ್ ಡೇಟಾ ಉಳಿಯುತ್ತೆ.

ಅಂದಹಾಗೆ ಆ ಹುಡುಗನಿಗೆ ನಾನು ಲಿನಕ್ಸ್ ಕರ್ನಲ್ ಕೊಡಲಿಲ್ಲ, ಎಂಐಟಿಯವರು ಪಾಠಕ್ಕೆಂದೇ ಬರೆದ ಎಕ್ಸ್‌ವಿ6 ಕೊಟ್ಟೆ. ಹಳೇ ಯುನಿಕ್ಸ್ ಆರನೇ ಆವೃತ್ತಿಯ ಮಾದರಿಯಲ್ಲಿ ಕಟ್ಟಿದ ಪುಟ್ಟ ಕರ್ನಲ್ ಅದು. ಬಿಲ್ಡ್ ಕಣ್ಣುಮುಚ್ಚಿ ತೆಗೆಯೋದರೊಳಗೆ ಮುಗಿಯುತ್ತೆ, ಕ್ಲಾಂಗ್‌ಡಿ ಇಂಡೆಕ್ಸು ಆಗಿದ್ದೂ ಗೊತ್ತಾಗೋದಿಲ್ಲ. ಪ್ರೊಕ್ ಫೈಲಿನಲ್ಲಿ ಯಾವ ಪ್ರೋಗ್ರಾಮಿನ ಸರದಿ ಅಂತ ಆರಿಸುವ ಷೆಡ್ಯೂಲರ್ ಎಂಬ ಲೂಪನ್ನು ಅವನು ಒಂದು ಮಧ್ಯಾಹ್ನದಲ್ಲಿ ಹಿಡಿದುಬಿಟ್ಟ. ಲಿನಕ್ಸಿನ ಷೆಡ್ಯೂಲರ್ ಫೋಲ್ಡರ್ ತೋರಿಸಿದಾಗ, "ಇದು ನನ್ ಕೈಲಿ ಆಗಾಕಿಲ್ರಿ" ಅಂತ ಲ್ಯಾಪ್‌ಟಾಪು ಮುಚ್ಚಿಟ್ಟ.

ನಕ್ಷತ್ರ ಕೊಡಲೇಬೇಕು ಅಂದರೆ ವಿಎಸ್ ಕೋಡ್ ಮತ್ತು ಕ್ಲಾಂಗ್‌ಡಿಗೆ ಐದಕ್ಕೆ ನಾಲ್ಕು. ಒಂದು ಕಡಿಮೆ ಯಾಕಂದರೆ ತಯಾರಿಗೇ ಒಂದು ದಿನ ಹೋಗುತ್ತೆ, ಪಟ್ಟಿಯಲ್ಲಿಲ್ಲದ ಫೈಲಿನ ಬಗ್ಗೆ ಅಂದಾಜು ಹಾಕುತ್ತಿದ್ದೇನೆ ಅಂತ ಎದ್ದು ಕಾಣುವ ಹಾಗೆ ಹೇಳೋದಿಲ್ಲ. ಸಿಸ್ಕೋಪಿಗೂ ನಾಲ್ಕು, ವಯಸ್ಸಿಗೆ ಮರ್ಯಾದೆ ಅಂತ ಅಲ್ಲ, ಕೆಲಸಕ್ಕೆ. ಎಲಿಕ್ಸಿರ್ ಪುಕ್ಕಟೆ ಸಿಗುವ ಐದು.

ಮಿಲ್ಲಿನ ಕಥೆ ಉಳಿಯಿತು. ಬಿಆರ್‌ಎಲ್‌ಟಿಟಿವೈ ಅಂದರೆ ಕಣ್ಣು ಕಾಣದವರು ಬೆರಳಿನಿಂದ ಓದುವ ಬ್ರೈಲ್ ಪರದೆಗಳನ್ನು ನಡೆಸುವ ಪ್ರೋಗ್ರಾಮು. ಕೆಲವು ಬ್ರೈಲ್ ಸಾಧನಗಳ ಒಳಗೂ ಇದೇ ಸಿಎಚ್340 ಚಿಪ್ಪು, ಇದೇ 1ಎ86:7523 ಎಂಬ ಗುರುತು. ಹಾಗಾಗಿ ನಮ್ಮ ಕಾಟಾವನ್ನು ಬ್ರೈಲ್ ಪರದೆ ಅಂದುಕೊಂಡು ತನ್ನ ವಶಕ್ಕೆ ತೆಗೆದುಕೊಂಡಿತ್ತು. ಒಂದೇ ಹೆಸರಿನ ಇಬ್ಬರಿರುವ ಊರಿನಲ್ಲಿ ಪೋಸ್ಟ್‌ಮ್ಯಾನ್ ಮಾಡುವ ಎಡವಟ್ಟು. ಬಹಳ ಜನ ಆ ಪ್ಯಾಕೇಜನ್ನೇ ಕಿತ್ತು ಹಾಕುತ್ತಾರೆ. ನಾನು ಹಾಕಲಿಲ್ಲ, ಮುಂದೆ ಯಾರಾದರೂ ಆ ಕಂಪ್ಯೂಟರನ್ನು ಅಂಧರ ಶಾಲೆಗೆ ಕೊಟ್ಟರೆ ಬೇಕಾಗುತ್ತೆ. 85-ಬಿಆರ್‌ಎಲ್‌ಟಿಟಿವೈ ಎಂಬ ಯೂಡೆವ್ ನಿಯಮದ (ಸಾಧನ ಚುಚ್ಚಿದಾಗ ಏನಾಗಬೇಕು ಅಂತ ಹೇಳುವ) ಫೈಲನ್ನು ಇಟಿಸಿ ಫೋಲ್ಡರಿನ ಕೆಳಗೆ ಅದೇ ಹೆಸರಿನಲ್ಲಿ ನಕಲು ಮಾಡಿ, ಆ ಗುರುತಿನ ಸಾಲಿನ ಮುಂದೆ ಒಂದು ಹ್ಯಾಶ್ (#) ಹಾಕಿ ಆ ಸಾಲು ಲೆಕ್ಕಕ್ಕೆ ಬಾರದ ಹಾಗೆ ಮಾಡಿದೆ. ಅಪ್‌ಡೇಟ್ ಬಂದರೂ ನಮ್ಮ ನಕಲೇ ನಡೆಯುತ್ತೆ.

ವೈರು ಚುಚ್ಚಿದೆ. ಪರದೆ ಮೇಲೆ ತೂಕ ಕುಣಿಯೋಕೆ ಶುರುವಾಯಿತು. ಹೊರಗೆ ಒಂದು ಟ್ರ್ಯಾಕ್ಟರು ಕಾಟಾ ಮೇಲೆ ಹತ್ತುತ್ತಿತ್ತು.

ಗುಮಾಸ್ತರು ಬಿಲ್ಲು ಪುಸ್ತಕ ತೆಗೆದರು. "ಏನಂತ ಬರೀಲ್ರೀ? ಏನ್ ಚೇಂಜ್ ಮಾಡಿದ್ರಿ?"

"ಒಂದು ಹ್ಯಾಶ್ ಹಾಕೀನ್ರಿ."

ಅವರು ನನ್ನ ಮುಖ ನೋಡಿದರು, ಪುಸ್ತಕ ನೋಡಿದರು. ಕೇಬಲ್ ಚೆಕ್ ಮಾಡಿದ್ದು, 300 ರೂಪಾಯಿ ಅಂತ ಬರೆದು ಹರಿದು ಕೊಟ್ಟರು.